ಕೊನೆಯ ಸಾಲಿನ ಅಕ್ಷರಗಳು

"ಅಯ್ಯೋ, ಕೂತ್ಕೊಳ್ಳಿ ಮಾರಾಯ್ರೆ! ಎಂತ ಆಯ್ತು?"

ಕುಸುಮ ಕೇಳುವಷ್ಟರಲ್ಲಿ ಪಕ್ಕದ ಕುರ್ಚಿಯ ಗಂಡಸು ದಡಕ್ಕನೆ ಎದ್ದು ನಿಂತಿದ್ದ. ಅವನ ಮುಖ ಬಿಳಿಚಿಕೊಂಡಿತ್ತು. ಅಂಗಿಯ ಎಡಭಾಗದಲ್ಲಿ ಸೇನಾ ಪದಕ. ಅಂಥದ್ದೇ ಪದಕ ಕುಸುಮಳ ಎದೆಯ ಬಲಭಾಗದಲ್ಲಿ! ಸತ್ತವರ ಪದಕವನ್ನು ಮನೆಯವರು ಬಲಕ್ಕೆ ಧರಿಸುತ್ತಾರೆ.

1986ರ ಗಣರಾಜ್ಯೋತ್ಸವ. ರಜೆ ಸಿಗಲಿ ಎಂದು ಕೊಲ್ಲಿನಾಡಿನ ಅಲ್ ಗುಬ್ರಾದ ಕನ್ನಡಿಗರು ಅದನ್ನು ವಾರದ ರಜೆಯ ಶುಕ್ರವಾರಕ್ಕೆ ಮುಂದೂಡಿದ್ದರು. ಎಪ್ಪತ್ತೊಂದರ ಯುದ್ಧದ ವೀರರಿಗೆ ಸನ್ಮಾನ. "ದಿವಂಗತ ಕೊಗ್ಗ ಅವರ ಪತ್ನಿ, ಕುಸುಮ ಟೀಚರ್" ಎಂದು ಮೈಕಿನಲ್ಲಿ ಕರೆದದ್ದೇ ತಡ, ಈ ಮನುಷ್ಯ ಹೀಗೆ ಬೆಚ್ಚಿಬಿದ್ದಿದ್ದ.

"ನಾನು ಭೋಜರಾಜ. ಕೊಗ್ಗನ ಜೊತೆಗೇ ಇದ್ದವ ಟೀಚರ್... ಕೊನೆವರೆಗೂ."

ಕುಸುಮ ಪೂರ್ತಿ ಅವನತ್ತ ತಿರುಗಿದಳು. ಗಂಡ ಹೇಗೆ ಸತ್ತನೆಂದು ಸೈನ್ಯದ ಕಾಗದದಲ್ಲಿದ್ದದ್ದು ಮೂರೇ ಸಾಲು. ಉಳಿದದ್ದನ್ನು ಹೇಳಬಲ್ಲವನು ಇಲ್ಲಿ, ಈ ಮರಳುನಾಡಿನಲ್ಲಿ ಸಿಗಬೇಕೇ!

ಆಮೇಲೆ ಪ್ರತಿ ಶುಕ್ರವಾರ ಅವನು ಬರತೊಡಗಿದ. ಕುಸುಮಳ ಪಕ್ಕದ ಫ್ಲ್ಯಾಟಿನ ಇವ್ಲಿನ್ ಚಹಾ ಮಾಡುವಳು, ಅವನು ಸ್ವಲ್ಪ ಸ್ವಲ್ಪವಾಗಿ ಹೇಳುವನು.

"ಸೇವೆ ಮುಗಿಸಿ ಊರಿಗೆ ಬಂದವರು ನಾವು. ರಿಸರ್ವ್ ಪಟ್ಟಿಯಲ್ಲಿ ಹೆಸರು ಮಾತ್ರ ಇತ್ತು. ಅವ ಹಂಚಿನ ಕಾರ್ಖಾನೆಯಲ್ಲಿ, ನಾನು ಬಸ್ ಕಂಡಕ್ಟರ್. ಯುದ್ಧ ಬಂತು, ವಾಪಸ್ ಕರೆದ್ರು. ಬೂಟು ಹಾಕಿದ್ರೆ ಕಾಲೆಲ್ಲ ಗುಳ್ಳೆ!"

ಪೂರ್ವದ ಗಡಿಯ ಒಂದು ಕಾಲುವೆಯ ದಂಡೆ. ಎದುರಿನ ಬಂಕರಿನಿಂದ ಮೆಷಿನ್ ಗನ್ ಒಂದೇ ಸಮನೆ ಗುಂಡು ಹಾರಿಸುತ್ತಿತ್ತು. ಗಾಯಗೊಂಡ ಮೂವರು ಬಯಲಲ್ಲಿ ಬಿದ್ದಿದ್ದರು. ಭೋಜರಾಜ ತೆವಳಿ ಹೋಗಿ ಇಬ್ಬರನ್ನು ಎಳೆದು ತಂದ. ಮೂರನೆಯವನನ್ನು ತರುವಾಗ ಭೋಜರಾಜನ ಭುಜಕ್ಕೇ ಗುಂಡು ಬಿತ್ತು.

"ಮತ್ತೆ?"

"ಕೊಗ್ಗ ಎರಡು ಗ್ರೆನೇಡ್ ಹಿಡ್ಕೊಂಡು ಹೊರಟ. ಗನ್ ನಿಂತಿತು ಟೀಚರ್... ನಾವು ನಾಲ್ಕು ಜನ ಬದುಕಿದೆವು. ಅವ ಬರಲಿಲ್ಲ."

ಕುಸುಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಅಳುವಿನ ಹಿಂದೆಯೇ ಹೆಮ್ಮೆಯೂ ಉಕ್ಕಿ ಬಂತು.

ಯುದ್ಧದ ಕಥೆ ಮುಗಿದರೂ ಶುಕ್ರವಾರಗಳು ಮುಗಿಯಲಿಲ್ಲ. ಮೂವತ್ತೈದರ ವಿಧವೆ, ನಲವತ್ತು ದಾಟಿದ ಬ್ರಹ್ಮಚಾರಿ... ಮನಸ್ಸು ವಯಸ್ಸು ಕೇಳುತ್ತದೆಯೇ, ವೀಸಾ ಕೇಳುತ್ತದೆಯೇ! ಗುರುವಾರ ಸಂಜೆಯಿಂದಲೇ ಕುಸುಮಳಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ.

ಎಲ್ಲ ಕೆಟ್ಟದ್ದು ಅವಳದೇ ಒಂದು ಮಾತಿನಿಂದ.

"ಕಾರ್ಖಾನೆಯಲ್ಲಿ ಕಿಡಿ ಹಾರಿ ನಮ್ಮವರ ಎಡಗಣ್ಣು ಮಂಜಾಗಿತ್ತು, ನಿಮಗೆ ಗೊತ್ತುಂಟಾ?" ಎಂದಳು ಒಂದು ದಿನ. "ಸೈನ್ಯದ ಡಾಕ್ಟರ್ ಖಂಡಿತ ವಾಪಸ್ ಕಳಿಸ್ತಿದ್ರು. ಆದ್ರೆ ಯಾರೋ ಒಬ್ಬ ಕಣ್ಣು ಪರೀಕ್ಷೆಯ ಬೋರ್ಡಿನ ಅಕ್ಷರ ಬಾಯಿಪಾಠ ಮಾಡಿಸಿದನಂತೆ. 'ಡಾಕ್ಟರ ಕಣ್ಣಿಗೆ ಮಣ್ಣೆರಚಿದೆ' ಅಂತ ಕಾಗದ ಬರೆದಿದ್ರು. ಆ ಮನುಷ್ಯ ಸಿಕ್ಕಿದ್ರೆ ಜನ್ಮದಲ್ಲಿ ಕ್ಷಮಿಸುದಿಲ್ಲ ನಾನು!"

ಭೋಜರಾಜ ಚಹಾ ಅರ್ಧಕ್ಕೇ ಬಿಟ್ಟು ಹೊರಟುಹೋದ.

ಮುಂದಿನ ಶುಕ್ರವಾರ ಬರಲಿಲ್ಲ. ಅದರ ಮುಂದಿನ ವಾರವೂ ಇಲ್ಲ.

"ದೂರದ ಸಹಮ್ ಊರಲ್ಲಿರುವ ಕಂಪೆನಿ ಗೋದಾಮಿಗೆ ಭೋಜರಾಜರೇ ಕೇಳಿ ಟ್ರಾನ್ಸ್‌ಫರ್ ತಗೊಂಡ್ರಂತೆ. ನಿನ್ನತ್ರ ಹೇಳ್ಲಿಲ್ವಾ?" ಎಂದಳು ಇವ್ಲಿನ್.

ನಾನು ವಿಧವೆ ಅಂತ ಹಿಂಜರಿದರೇ? ಇನ್ನೂ ಗಂಡನ ಮಾತೇ ಆಡುತ್ತೇನೆ ಅಂತ ಬೇಸರವೇ? ಕುಸುಮ ಪಾಠ ಮಾಡುತ್ತ ತಪ್ಪಿದಳು, ಸಾರಿಗೆ ಎರಡು ಸಲ ಉಪ್ಪು ಹಾಕಿದಳು. ಅವಳ ಚಡಪಡಿಕೆ ನೋಡಲಾಗದೆ ಇವ್ಲಿನ್ ತನ್ನ ಗಂಡ ವಾಲ್ಟರನಿಗೆ ಕಾರು ತೆಗೆಯಲು ಹೇಳಿದಳು.

ಸಹಮ್ ತಲುಪುವಾಗ ಬಿಸಿಲು ನೆತ್ತಿಗೇರಿತ್ತು. ಗೋದಾಮಿನ ಬಾಗಿಲಲ್ಲಿ ಭೋಜರಾಜ ಪೈಪುಗಳನ್ನು ಇಳಿಸುತ್ತಿದ್ದ. ಅವಳನ್ನು ಕಂಡು ಕೈ ನಿಂತುಹೋಯಿತು.

"ನನ್ನಿಂದ ತಪ್ಪಾಗಿದ್ರೆ ಹೇಳಿ. ಹೀಗೆ ಓಡಿ ಬರುದಾ?"

"ತಪ್ಪು ನನ್ನದು ಟೀಚರ್." ಅವನು ನೆಲ ನೋಡುತ್ತಲೇ ಹೇಳಿದ. "ಕಣ್ಣಿನ ತಪಾಸಣೆಗೆ ಒಳಗೆ ಮೊದಲು ಹೋಗಿ ಬಂದವ ನಾನು. ಕೊಗ್ಗ ಕೈ ಹಿಡಿದು ಬೇಡಿಕೊಂಡ. ಕೊನೆಯ ಸಾಲಿನ ಅಕ್ಷರ ಕಲಿಸಿದ್ದು... ನಾನೇ. ಅವನಿಗೆ ಗುಂಡು ಬಂದದ್ದು ಎಡದಿಂದ. ಕಾಣ್ಲಿಲ್ಲ ಅವನಿಗೆ. ಆ ಪದಕ ಹಾಕಿದಾಗೆಲ್ಲ ಉಸಿರು ಕಟ್ಟುತ್ತದೆ ನನಗೆ."

ಹದಿನೈದು ವರ್ಷ ಶಪಿಸಿದ್ದು ಇವನನ್ನೇ! ಕುಸುಮ ತಿರುಗಿ ಕಾರಿನತ್ತ ನಡೆದಳು.

ಕಾರಿನ ಬಾಗಿಲು ಹಿಡಿದವಳಿಗೆ ಮುಂದೆ ಹೆಜ್ಜೆ ಇಡಲಾಗಲಿಲ್ಲ. ಯಾರ ಮೇಲೆ ಈ ಸಿಟ್ಟು? ಯಾರಿಗೂ ಹೇಳದೆ ನುಂಗಿಕೊಂಡ ಮಾತೊಂದನ್ನು ಈಗ ಹೇಳಲೇಬೇಕಿತ್ತು.

ತಿರುಗಿ ಬಂದಳು.

"ಅವರ ಕಾಗದ ಸಿಕ್ಕಿದಾಗ ಅತ್ತೆ ನನ್ನತ್ರ ಹೇಳಿದ್ರು... ಕಣ್ಣಿನ ವಿಷಯ ಸೈನ್ಯಕ್ಕೆ ಬರೆ, ವಾಪಸ್ ಕಳಿಸ್ತಾರೆ ಅಂತ. ನಾನು ಬರೆದೆ. ವಿಳಾಸವನ್ನೂ ಬರೆದೆ. ಪೋಸ್ಟ್ ಮಾಡ್ಲಿಲ್ಲ!"

"ಟೀಚರ್..."

"ಯೂನಿಫಾರ್ಮಿನ ಫೋಟೋ ಕಳಿಸಿದ್ರು. ಎಷ್ಟು ಖುಷಿಯಲ್ಲಿದ್ರು ಗೊತ್ತಾ! ಅದನ್ನು ಹಾಳು ಮಾಡ್ಲಿಕ್ಕೆ ಮನಸ್ಸು ಬರ್ಲಿಲ್ಲ. ನನ್ನ ತಪ್ಪು ನೋಡ್ಲಿಕ್ಕೆ ಹೆದರಿ, ನಿಮ್ಮನ್ನು ಶಪಿಸ್ತಾ ಕೂತೆ ನಾನು..."

ಅವಳು ಬಿಕ್ಕಿ ಬಿಕ್ಕಿ ಅಳತೊಡಗಿದಳು. ಭೋಜರಾಜನ ಕಣ್ಣಲ್ಲೂ ನೀರು.

"ನಾವು ಯಾರು ತಡೆದ್ರೂ ಅವ ನಿಲ್ಲುವವ ಅಲ್ಲ. ಅಷ್ಟು ಹಟ ಅವನಿಗೆ."

"ಇರಬಹುದು. ಆದ್ರೆ ನಾನು ತಡೆದು ನೋಡ್ಲೇ ಇಲ್ಲ." ಅವಳು ಕಣ್ಣೊರೆಸಿಕೊಂಡಳು. "ನಿಮ್ಮನ್ನು ಪ್ರೀತಿಸ್ತೇನೆ ನಾನು. ಅದಕ್ಕೇ ಇಷ್ಟು ದೂರ ಬಂದೆ. ಈ ಸಲ ತಡೀತೇನೆ."

ಅವನು ಕೈಯ ಧೂಳು ಒರೆಸಿಕೊಂಡು ಅವಳ ಹತ್ತಿರ ಬಂದ.

"ನಿಲ್ತೀರಾ?" ಎಂದಳು ಕುಸುಮ, ಮೆಲ್ಲಗೆ.

"ನಿಲ್ತೇನೆ."