ಬಾಲದ ತುದಿಯ ಟೋಪಿ

“ನಾ ಟೋಪಿ ಆಗಂಗಿಲ್ರಿ ಟೀಚರ್! ಮೋಟರ್ ಆಗ್ತೀನ್ರಿ!”

ಶಾಲೆಯ ಅಂಗಳದಲ್ಲಿ ಸಂಜೀವ ನಿಂತಲ್ಲೇ ಕುಣಿಯುತ್ತಿದ್ದ.

“ವಲಿ ಪಾಷಾ ಮೋಟರ್ ಆಗ್ಯಾನಲ್ಲೋ. ನೀ ತುದಿಗೆ ನಿಂದ್ರು ಹೋಗು,” ಎಂದರು ಸುನಂದಾ ಟೀಚರ್.

ನಾಳೆ ಮಾನ್ವಿಯಲ್ಲಿ ವಿಜ್ಞಾನ ಮೇಳ. ಬ್ಯಾಕ್ಟೀರಿಯಾ ತನ್ನ ಈಜುವ ಬಾಲವನ್ನು ಹೇಗೆ ಕಟ್ಟಿಕೊಳ್ಳುತ್ತದೆ ಅಂತ ಕವಿತಾಳದ ಈ ಮಕ್ಕಳು ತೋರಿಸಬೇಕು. ಥರ್ಮಾಕೋಲಿನಲ್ಲಿ ಅಲ್ಲ, ತಾವೇ ಬಾಲವಾಗಿ!

ಕಾಲು ಅಗಲಿಸಿ ಸಾಲಾಗಿ ನಿಂತರೆ ಅದೇ ಬಾಲದ ಟೊಳ್ಳು ಕೊಳವೆ. ಬುಡದಲ್ಲಿ ವಲಿ ಪಾಷಾ, ಬಾಲ ತಿರುಗಿಸುವ ಮೋಟರ್. ಹೊಸಬರು, ಅಂದರೆ ಬಾಲದ ಹೊಸ ತುಣುಕುಗಳು, ಅವನ ಪಕ್ಕದಿಂದ ನುಗ್ಗಿ, ಎಲ್ಲರ ಕಾಲ ನಡುವೆ ಅಂಬೆಗಾಲಿಟ್ಟು ಬಂದು, ಆ ತುದಿಯಲ್ಲಿ ಎದ್ದು ನಿಲ್ಲಬೇಕು. ಬಾಲ ಬೆಳೆಯುವುದು ತುದಿಯಲ್ಲೇ. ಅಲ್ಲಿ ಮುಚ್ಚಳದಂತೆ ನಿಂತು, ಬಂದವರನ್ನು ಜಾಗಕ್ಕೆ ನಿಲ್ಲಿಸಿ, ಒಂದು ಹೆಜ್ಜೆ ಹಿಂದೆ ಸರಿಯುವುದು ಟೋಪಿಯ ಕೆಲಸ.

ನಿಲ್ಲಿಸು, ಸರಿ. ನಿಲ್ಲಿಸು, ಸರಿ. ಸಂಜೀವನಿಗೆ ತಲೆ ಕೆಟ್ಟಿತು.

ಆ ಕಡೆ ವಲಿ ಪಾಷಾ ಕೈ ಬೀಸಿ ಗರಗರ ತಿರುಗುತ್ತಿದ್ದ. “ಏನ್ ಟೋಪಪ್ಪಾ, ಬಿಸಿಲು ಹೆಂಗದ?”

ಅಷ್ಟೇ. ಸಂಜೀವ ಓಡಿಹೋಗಿ ಅವನ ಪಕ್ಕದಲ್ಲಿ ತಾನೂ ತಿರುಗತೊಡಗಿದ. “ಡಬಲ್ ಮೋಟರ್ ಲೇ!”

ತುದಿಯಲ್ಲಿ ಅಂಬರೀಶ ಹೊರಬಂದ. ಎದುರಿಗೆ ಯಾರೂ ಇಲ್ಲ. ನಳದ ಕಡೆ ಓಡಿದ. ಸ್ವಪ್ನಾ ಬಂದಳು, ಬೇವಿನ ನೆರಳಿಗೆ ಹೋದಳು. ಬಂದವರೆಲ್ಲ ದಿಕ್ಕಿಗೊಬ್ಬರು.

“ಟೀಚರ್, ಬಾಲಾನೇ ಬೆಳೀವಲ್ದು!” ವಲಿ ಪಾಷಾ ಕೂಗಿದ.

“ಖರೇ ಬ್ಯಾಕ್ಟೀರಿಯಾದಾಗೂ ಹಿಂಗೇ,” ಎಂದರು ಟೀಚರ್. “ಟೋಪಿ ಇಲ್ಲಂದ್ರ ಬಂದ ತುಣುಕೆಲ್ಲ ನೀರಿಗೆ ಸೋರಿ ಹೋಗ್ತಾವ. ನಾಳೆನೂ ಹಿಂಗ ಆಗೋದಿದ್ರ ಮಾನ್ವಿಗೆ ಹೋಗೋದೇ ಬ್ಯಾಡ.”

ಎಲ್ಲರೂ ಸಂಜೀವನನ್ನೇ ನೋಡಿದರು. ಅವನು ಬೇರೆ ಕಡೆ ನೋಡಿದ.

ಆಗ ಕೊಳವೆಯಿಂದ ಮೌನೇಶ್ವರಿಯ ತಲೆ ಹೊರಬಂತು. ಕ್ಲಾಸಿನಲ್ಲೇ ಗಿಡ್ಡ ಹುಡುಗಿ. ಕೂದಲ ತುಂಬ ಮಣ್ಣು. ಮೊಣಕಾಲ ಮೇಲೆ ಕೂತು ಅತ್ತಿತ್ತ ನೋಡಿದಳು.

“ಇಲ್ಲಿ ಯಾರೂ ಇಲ್ಲಲ್ಲ! ನಾ ಎಲ್ಲಿ ನಿಂದ್ರಲಿ?”



ಸಂಜೀವ ಓಡಿಬಂದ. ಅವಳ ಕೈ ಹಿಡಿದು ಎಬ್ಬಿಸಿ, ಸಾಲಿಗೆ ಸೇರಿಸಿ ನಿಲ್ಲಿಸಿದ. ಒಂದು ಹೆಜ್ಜೆ ಹಿಂದೆ ಸರಿದ. ಚದುರಿದವರೆಲ್ಲ ಮತ್ತೆ ಬುಡದಿಂದ ನುಗ್ಗಲು ವಲಿ ಪಾಷಾನ ಕಡೆಗೆ ಓಡಿದರು.

ಸಂಜೀವ ಬಗ್ಗಿ ಕೊಳವೆಯೊಳಗೆ ಇಣುಕಿದ. ಧೂಳು, ಕಾಲುಗಳು, ಅವುಗಳ ನಡುವೆ ತಲೆ ತಗ್ಗಿಸಿ ಬರುತ್ತಿರುವ ಅಂಬರೀಶ. ಅಲ್ಲಿಂದ ಅವನಿಗೆ ಸಂಜೀವನ ಪಾದ ಬಿಟ್ಟು ಮುಂದೆ ಬೇರೇನೂ ಕಾಣುತ್ತಿರಲಿಕ್ಕಿಲ್ಲ.

“ಬಾರಲೇ, ಬಾ,” ಎಂದ ಸಂಜೀವ. “ಇಲ್ಲೇ ಅದೀನಿ.”