ಮುಂದೆ ಜಾಗ ಬಿಟ್ಟ ಕಾರು

ಸೇಡು ತೀರಿಸಿಕೊಳ್ಳಲು ಅವಳಿಗೆ ನಗರಪಾಲಿಕೆಯೇ ಸಂಬಳ ಕೊಡುತ್ತಿತ್ತು.

ಅವಳು ಟ್ರಾಫಿಕ್ ಕಂಟ್ರೋಲ್ ರೂಮಿನ ಎಂಜಿನಿಯರ್. ರಿಂಗ್ ರೋಡಿನಲ್ಲಿ ತಾವೇ ಓಡುವ, ಒಂದರೊಡನೊಂದು ಮಾತಾಡುವ ಕಾರುಗಳ ಪ್ರಯೋಗ ನಡೆದಿತ್ತು. ಒಂದು ಕಾರು ಮುಂದೆ ಜಾಗ ಬಿಟ್ಟು, ಬ್ರೇಕ್ ಒತ್ತದೆ ಒಂದೇ ವೇಗದಲ್ಲಿ ಹೋದರೆ ಸಾಕು, ಹಿಂದಿನವರೆಲ್ಲ ನಿಲ್ಲದೆ ಹರಿಯುತ್ತಾರೆ. ಊರಿಗೆಲ್ಲ ಸುಖ, ಆ ಕಾರಿನವನಿಗೆ ಮಾತ್ರ ನರಕ. ಬಿಟ್ಟ ಜಾಗಕ್ಕೆ ನುಗ್ಗುವವರೆಲ್ಲ ಅವನನ್ನು ಬೈದೇ ನುಗ್ಗುತ್ತಾರೆ.

ಪ್ರಯೋಗಕ್ಕೆ ಸೇರಿದವರಲ್ಲಿ ಆ ಹಲ್ಲಿನ ಡಾಕ್ಟರ್ ಹೆಸರು ಕಂಡದ್ದೇ ತಡ, ಪ್ರತಿ ಬೆಳಿಗ್ಗೆ ಆ ಪಾತ್ರ ಅವನಿಗೇ ಮೀಸಲಾಯಿತು.

ಕಾರಣವಿತ್ತು. ಅವಳನ್ನು ಮದುವೆಗೆ ಕೇಳಲು ಮನೆಗೆ ಬರುತ್ತೇನೆಂದವನು, ಇಸ್ತ್ರಿ ಶರ್ಟು ಹಾಕಿ ಕಾದ ಅಪ್ಪ ಬನಿಯನ್ನಿಗೆ ಮರಳಿದ ಮೇಲೆ ಬಂದು "ಟ್ರಾಫಿಕ್" ಎಂದಿದ್ದ. ಹೇಳಿದ್ದು ಯಾರಿಗೆ? ಅವಳಿಗೆ!

"ನಿನ್ನ ಕೆಲಸಾನೇ ನೆಪ ಮಾಡ್ಕೊಂಡನಲ್ಲಮ್ಮ" ಎಂದಿದ್ದರು ಅಪ್ಪ. ಆಮೇಲೆ ಅವಳು ಅವನ ಫೋನ್ ಎತ್ತಿರಲಿಲ್ಲ.

ಈಗ ಕ್ಯಾಮೆರಾದಲ್ಲಿ ಬಿಳಿ ಕಾರಿನೊಳಗಿನ ಅವನ ಪಾಡು ನೋಡುತ್ತ ಕುಡಿದರೆ ಮಾತ್ರ ಅವಳಿಗೆ ಕಾಫಿ ರುಚಿಸುತ್ತಿತ್ತು. ಸ್ಕೂಟರಿನವನೊಬ್ಬ ಅವನ ಕಿಟಕಿಗೆ ಬಾಗಿ "ಏನ್ ಸ್ವಾಮಿ, ಮೆರವಣಿಗೇನಾ?" ಎಂದದ್ದನ್ನು ತುಟಿಯಲ್ಲೇ ಓದಿ ನಕ್ಕಳು. ಅವನು ತಲೆಯೆತ್ತಿ ನೇರ ಕ್ಯಾಮೆರಾವನ್ನೇ ನೋಡಿದ. ಕಾಫಿ ಮೇಜಿನ ಮೇಲೆ ಚೆಲ್ಲಿತು.

ಕತ್ತು ನೋವಿನ ಚಿಕಿತ್ಸೆಗೆ ದಿನಾ ಬೆಳಿಗ್ಗೆ ಆಸ್ಪತ್ರೆಗೆ ಹೋಗಿಬರುತ್ತಿದ್ದ ಅಪ್ಪ ಆ ಸಂಜೆ ಊಟಕ್ಕೆ ಕೂತು ಕತ್ತಿನ ಪಟ್ಟಿ ಬಿಚ್ಚಿಟ್ಟರು. "ಆಸ್ಪತ್ರೆ ವ್ಯಾನು ಈಗ ತೊಟ್ಟಿಲ ಥರ ಹೋಗುತ್ತಮ್ಮ. ಮುಂದೆ ಒಂದು ಬಿಳಿ ಕಾರು ಇರುತ್ತೆ, ಒಂದ್ಸಲಾನೂ ಬ್ರೇಕ್ ಹಾಕಲ್ಲ. ಕತ್ತು ಎಳೆಯೋದೇ ನಿಂತೋಯ್ತು. ಆ ಪುಣ್ಯಾತ್ಮ ಸಿಕ್ಕಿದ್ರೆ ನಿನ್ನ ಕೊಟ್ಟೇಬಿಡ್ತೀನಿ."

ತುತ್ತು ಅವಳ ಗಂಟಲಲ್ಲೇ ಜಾಮ್ ಆಯಿತು.

ಮರುದಿನ ಅವಳೇ ಅವನ ಕಾರಿಗೆ ಕರೆ ಮಾಡಿದಳು.

"ಈ ಪಾತ್ರ ಬೇಡ ಅನ್ನಿಸಿದ್ರೆ ಒತ್ತೋಕೆ ಕಾರಲ್ಲೇ ಬಟನ್ ಇದೆ. ಯಾಕೆ ಒತ್ತಲಿಲ್ಲ?"

"ಅಬ್ಬ, ಮಾತಾಡಿದೆಯಲ್ಲ! ಊರವರ ಬೈಗುಳ ಕೇಳಿ ಕೇಳಿ ನಿನ್ನದು ಮರ್ತೇಹೋಗಿತ್ತು."

"ಕೇಳಿದ್ದಕ್ಕೆ ಉತ್ತರ."

"ಕನ್ನಡಿಲಿ ಹಿಂದಿನ ವ್ಯಾನಲ್ಲಿರೋ ನಿಮ್ಮಪ್ಪ ಕಾಣ್ತಾರೆ. ಬಾಯಿ ಬಿಟ್ಕೊಂಡು ನಿದ್ದೆ ಮಾಡ್ತಾರೆ. ಒಂದು ದವಡೆ ಹಲ್ಲು ಕೀಳಬೇಕು, ಅದೂ ಕಾಣುತ್ತೆ." ದನಿ ತಗ್ಗಿತು. "ಅವತ್ತು ಕಾಯಿಸಿದ್ದೆ. ಇವತ್ತಾದ್ರೂ ಆರಾಮಾಗಿ ಹೋಗ್ಲಿ ಅಂತ."

"ಅವತ್ತು ನಿಜವಾಗ್ಲೂ ಟ್ರಾಫಿಕ್ಕಾ?"

"ಅಲ್ಲ. ಭಯ. ನಿಮ್ಮ ಗೇಟಿನ ಹತ್ರ ಕಾರಲ್ಲೇ ಕೂತಿದ್ದೆ."

"ಹಲ್ಲು ಕೀಳೋನಿಗೆ ಭಯಾನಾ?"

"ಬಾಯಿ ತೆರೆಯೋದು ಎಷ್ಟು ಕಷ್ಟ ಅಂತ ನನಗೇ ಗೊತ್ತು."

ಅವಳು ನಗು ನುಂಗಿದಳು. "ಸಂಜೆ ಬಾ. ಲೇಟಾದ್ರೆ ನೋಡು."

ಕ್ಷಮಿಸಿಬಿಟ್ಟಳು ಅಂದುಕೊಂಡಿರಾ? ಸಂಜೆಯೂ ಅವನ ಕಾರಿಗೆ ಅದೇ ಪಾತ್ರ ಕೊಟ್ಟು, ತನ್ನ ಕಾರು ಹತ್ತಿ, ಅವನು ಬಿಟ್ಟ ಜಾಗಕ್ಕೆ ಹಾರ್ನ್ ಬಾರಿಸುತ್ತ ನುಗ್ಗಿದಳು. ಅವನ ಕಾರು ಮೆತ್ತಗೆ ಹಿಂದೆ ಸರಿದು ಇನ್ನಷ್ಟು ಜಾಗ ಬಿಟ್ಟಿತು. ಕನ್ನಡಿಯಲ್ಲಿ ನೋಡಿದಳು. ನಗುತ್ತಿದ್ದ, ದ್ರೋಹಿ.

ಮೊದಲು ತಲುಪಿದವಳೇ ಅವನಿಗೆ ಬಾಗಿಲು ತೆಗೆದು, ಸೊಂಟಕ್ಕೆ ಕೈಯಿಟ್ಟು ನಿಂತಳು.

"ಲೇಟು."

"ಮುಂದೆ ಒಬ್ಬಳು ನುಗ್ಗಿದಳು. ಜಾಗ ಬಿಟ್ಟೆ."

ಒಳಗೆ ಅಪ್ಪ ಇಸ್ತ್ರಿ ಶರ್ಟಿನ ಕೊನೆಯ ಗುಂಡಿ ಹಾಕುತ್ತಿದ್ದರು.