ಗಣಿ ಕೆಳಗಿನ ತೊರೆ

ಬೆಳಿಗ್ಗೆ ಒಂಬತ್ತೂವರೆಗೆ ಹಾಲು ಮಾರುವ ಹೆಂಗಸು ಠಾಣೆಗೆ ಬಂದಳು. ಹಿಂದಿನ ದಿನ ತೊರೆಯ ನೀರು ಕುಡಿದ ಅವಳ ಮಗಳ ಬಾಯೆಲ್ಲ ಸುಟ್ಟು ಬೊಬ್ಬೆ ಎದ್ದಿತ್ತು; ಹುಡುಗಿ ಆಸ್ಪತ್ರೆಯಲ್ಲಿದ್ದಳು. ಗಣಿಯವರೇ ವಿಷ ಬಿಟ್ಟಿದ್ದಾರೆಂದು ಅವಳ ದೂರು. ಇನ್ಸ್‌ಪೆಕ್ಟರ್ ಎಫ್‌ಐಆರ್ ದಾಖಲಿಸಿ, ಎಲ್ಲರೂ ಉದ್ದಣ್ಣ ಎಂದೇ ಕರೆಯುವ ಕಾನ್‌ಸ್ಟೇಬಲ್‌ನನ್ನು ಕರೆದುಕೊಂಡು ಹೊರಟರು.

ಮುಚ್ಚಿದ ಗಣಿಯೊಳಗೆ ಆಮ್ಲ ಬೆರೆತ ಹುಳಿ ನೀರು ತುಂಬಿ ನಿಂತಿತ್ತು. ಅದು ತೊರೆಗೆ ಸೋರುತ್ತದೆಯೇ ಎಂದು ತಿಳಿಯಲು ಕೆಳಗೊಂದು ಕಟ್ಟೆ ಕಟ್ಟಿ, ನೀರಿನ ಹುಳಿಯನ್ನೂ ಹರಿವನ್ನೂ ಅಳೆಯುವ ಉಪಕರಣ ಇಟ್ಟಿದ್ದರು. ಕೆಲವು ವಾರಗಳಿಂದ ಹುಳಿ ಏರುತ್ತಲೇ ಇತ್ತು. ಸೋರಿಕೆಯೇ ಇರಬೇಕೆಂದು ಮೇಲಧಿಕಾರಿಗಳು ಗಣಿಯನ್ನು ಬರಿದು ಮಾಡಲು ಆದೇಶಿಸಿದ್ದರು. ಗುಡ್ಡದ ಮೇಲೆ ಪಂಪುಗಳ ಸದ್ದು ನೆಲದಡಿಯಿಂದ ಯಾರೋ ನರಳಿದಂತೆ ಕೇಳುತ್ತಿತ್ತು.

ಉಪಕರಣದ ಪರದೆ ನೋಡಿದ ಇನ್ಸ್‌ಪೆಕ್ಟರ್ ಹುಬ್ಬು ಗಂಟಿಕ್ಕಿದರು. ಹುಳಿ ಜಿಗಿದಿತ್ತು, ಹರಿವು ಮಾತ್ರ ಒಂದಿಷ್ಟೂ ಹೆಚ್ಚಿರಲಿಲ್ಲ. ಗಣಿಯ ನೀರಾದರೆ ಕಬ್ಬಿಣದ ಅಂಶ ಇರಲೇಬೇಕು, ಹುಡುಗಿ ಕುಡಿದ ನೀರಿನಲ್ಲಿ ಬರೀ ಆಮ್ಲವಿದೆ ಎಂದು ಆಸ್ಪತ್ರೆಯವರು ಪರೀಕ್ಷೆ ಮಾಡಿಸಿ ಫೋನಿನಲ್ಲಿ ಹೇಳಿದರು. ಅಂದರೆ ಯಾರೋ ಸುರಿದದ್ದು.

ಕಟ್ಟೆಯಿಂದ ಸ್ವಲ್ಪ ಮೇಲೆ ಹುಲ್ಲು ಸುಟ್ಟು ಬೆಳ್ಳಗಾಗಿತ್ತು. ಉದ್ದಣ್ಣ ಸೊಂಟ ಹಿಡಿದುಕೊಂಡು ಬಗ್ಗಿ, ಬೇರುಗಳ ಸಂದಿಯಿಂದ ಕ್ಯಾನಿನ ಮುಚ್ಚಳವೊಂದನ್ನು ತೆಗೆದ. "ದೇವರು ನನ್ನನ್ನ ಇಷ್ಟುದ್ದ ಮಾಡಿದ್ದು ನೆಲ ಹುಡುಕೋಕಲ್ಲ ಸಾರ್," ಎಂದು ಗೊಣಗಿದ. ಪಂಚನಾಮೆ ಮುಗಿಯಿತು. ನೀರಿನ ಮಾದರಿ ಕೆಡದಿರಲೆಂದು ಬಾಟಲಿಗೆ ಹನಿಸುವ ಆಮ್ಲ ಅಂಥ ಕ್ಯಾನಿನಲ್ಲೇ ಬರುತ್ತಿತ್ತು.

ಮಧ್ಯಾಹ್ನ ಅವರು ತೊರೆಯ ನೀರು ಪರೀಕ್ಷಿಸುವ ಪ್ರಯೋಗಾಲಯದ ಶೆಡ್ಡಿಗೆ ಹೋದಾಗ, ಮಾದರಿ ಸಂಗ್ರಹಿಸುವ ಹೆಂಗಸು ಒಬ್ಬಳೇ ಬಾಟಲಿ ತೊಳೆಯುತ್ತಿದ್ದಳು. ಆಮ್ಲ ತಾಗಿ ಅವಳ ಬೆರಳ ತುದಿಗಳು ಹಳದಿಗಟ್ಟಿದ್ದವು.

"ಈ ಮುಚ್ಚಳ ಯಾವ ಕ್ಯಾನಿಂದಮ್ಮಾ?" ಎಂದು ಇನ್ಸ್‌ಪೆಕ್ಟರ್ ಕೇಳಿದರು.

"ಇಲ್ಲೀದೇ ಸಾರ್. ನಾನೇ ಒಯ್ದಿದ್ದು."

"ಒಂದು ಮಗು ಆ ನೀರು ಕುಡಿದಿದೆ."

ಅವಳು ಕೂತುಬಿಟ್ಟಳು. ಅಲ್ಲಿ ಯಾರೂ ನೀರು ಕುಡಿಯುವುದಿಲ್ಲ ಎಂದುಕೊಂಡಿದ್ದಳಂತೆ. ಮಗು ಬದುಕುತ್ತದೆಯೇ ಎಂದು ಕೇಳಿದಳು, ಬದುಕುತ್ತದೆ ಎಂದರು.

"ಯಾಕೆ ಸುರಿದ್ರಿ?"

"ಹುಳಿ ಏರದೇ ಅವರು ನೀರು ತೆಗೀತಿರ್ಲಿಲ್ಲ, ಇಳಿದ್ರೆ ಪಂಪು ನಿಲ್ಲಿಸಿಬಿಡ್ತಿದ್ರು. ನನ್ನ ತಮ್ಮ ಒಳಗಿದಾನೆ ಸಾರ್."

ಗಣಿಗೆ ನೀರು ನುಗ್ಗಿದ ದಿನ ಅವನು ಕೆಳಗಿನ ಹಂತದಲ್ಲಿದ್ದ. ನಾಲ್ಕು ದಿನ ಹುಡುಕಿ ಕೈಚೆಲ್ಲಿದರು. ಅಕ್ಕ ಆಮೇಲೆ ಈ ಕೆಲಸಕ್ಕೆ ಸೇರಿದ್ದಳು. ಬಾಟಲಿ ತುಂಬಿಸಿದಾಗಲೆಲ್ಲ, ಈ ನೀರು ಅವನನ್ನು ಮುಟ್ಟಿಕೊಂಡು ಬಂದಿದೆಯೇನೋ ಎನಿಸುತ್ತಿತ್ತಂತೆ. ಚೆಲ್ಲಲು ಮನಸ್ಸು ಬರುತ್ತಿರಲಿಲ್ಲವಂತೆ.

ಬಂಧನವಾಯಿತು. ಗಣಿ ಸೋರಿಲ್ಲವೆಂಬ ವರದಿ ಮೇಲಕ್ಕೆ ಹೋಯಿತು. ಮರುದಿನ ಸಂಜೆ ಗುಡ್ಡದ ಮೇಲೆ ಪಂಪುಗಳು ನಿಂತವು. ಸದ್ದು ಅಡಗಿದ್ದೇ ಅವಳು ಎದ್ದು ಲಾಕಪ್ಪಿನ ಕಂಬಿಯ ಬಳಿ ಬಂದಳು.

"ನೀರು ಎಲ್ಲೀತನಕ ಇಳಿದಿತ್ತು ಸಾರ್?"

ಇನ್ಸ್‌ಪೆಕ್ಟರಿಗೆ ಗೊತ್ತಿತ್ತು. ಅವಳ ತಮ್ಮನಿದ್ದ ಹಂತಕ್ಕೆ ಇನ್ನೊಂದೇ ಹಂತ ಬಾಕಿಯಿತ್ತು.